ಸಾವಕಾರನ ಲಾರಿಗೆ ಬ್ರೇಕ್ ಹಾಕಿಸಿದ್ದು

ನಮ್ಮ ಕಾಲೊನಿಯವರು ನನ್ನನ್ನು ಹಳೇ ಗಾಡಿಯ ಹುಚ್ಚ ಎಂದುಕೊಂಡಿದ್ದಾರೆ. ಪಾಪ, ಅವರದೇನೂ ತಪ್ಪಿಲ್ಲ. ಐದು ವರ್ಷ, ಪ್ರತಿ ಭಾನುವಾರ, ಎಣ್ಣೆ ಮೆತ್ತಿದ ಅಂಗಿ ಹಾಕಿಕೊಂಡು ಊರಂಚಿನ ಉಪ್ಪಲ್ ಕಡೆ ಹೋಗಿ, ಸಂಜೆ ಉಗುರಿನ ಸಂದಿಯಲ್ಲೆಲ್ಲ ಗ್ರೀಸ್ ತುಂಬಿಕೊಂಡು ಬರುವ ಸರಕಾರಿ ನೌಕರನನ್ನು ಇನ್ನೇನು ಅನ್ನಬೇಕು? "ಏನ್ರಿ, ನಿಮ್ಮ ಹವ್ಯಾಸ ಎಲ್ಲೀತನಕ ಬಂತು?" ಎಂದು ಕೇಳುತ್ತಿದ್ದರು. "ಗೇರ್‌ಬಾಕ್ಸ್ ತನಕ ಬಂತ್ರಿ" ಎನ್ನುತ್ತಿದ್ದೆ. ಹವ್ಯಾಸವಂತೆ, ಹವ್ಯಾಸ! ಹಗೆ ಅದು. ಆ ಲಾರಿಯನ್ನು ನಾನು ಪ್ರೀತಿಯಿಂದ ಕೊಂಡದ್ದಲ್ಲ. ಒಬ್ಬ ಮನುಷ್ಯನ ಬಾಯಿಂದ ಒಂದೇ ಒಂದು ಮಾತು ಹೊರಡಿಸಲಿಕ್ಕೆ ಕೊಂಡದ್ದು. ನನ್ನ ಅಪ್ಪ ಅವತ್ತು ಕುಡಿದಿರಲಿಲ್ಲ ಎನ್ನುವ ಮಾತು.

ಅದು ಮೂತಿ ಲಾರಿ. ಎಂಜಿನ್ ಮುಂದಕ್ಕೆ ಚಾಚಿಕೊಂಡು ಕ್ಯಾಬಿನ್ ಅದರ ಹಿಂದೆ ಕೂತಿರುವ, ಈಗ ರಸ್ತೆಯ ಮೇಲೆ ಕಾಣದ ಜಾತಿ. ಅಪ್ಪ ಅದನ್ನು ಸಿಕಂದರಾಬಾದಿನಿಂದ ಹುಮನಾಬಾದಿಗೆ ಅಕ್ಕಿ ಹೇರಿಕೊಂಡು ಹೋಗಿ, ಬರುವಾಗ ತೊಗರಿಬೇಳೆ, ಬೆಲ್ಲ ತರುತ್ತ ಹದಿನಾಲ್ಕು ವರ್ಷ ಓಡಿಸಿದ. ಲಾರಿಯ ಮಾಲೀಕ ನಮ್ಮ ಕಡೆಯವನೇ. ಸಿಕಂದರಾಬಾದಿನಲ್ಲಿ ಸಗಟು ಅಂಗಡಿ, ಗೋದಾಮು. ಊರಿನ ಕನ್ನಡದವರೆಲ್ಲ ಅವನಿಗೆ ಸಾವಕಾರ್ರು ಎನ್ನುತ್ತಿದ್ದರು; ನಾನೂ ಇಲ್ಲಿ ಸಾವಕಾರ ಅಂತಲೇ ಬರೆಯುತ್ತೇನೆ, "ರು" ಒಂದು ಬಿಟ್ಟು.

ಅಪ್ಪ ಮಾಲಕರಿ. ವರ್ಷಕ್ಕೊಮ್ಮೆ ಪಂಢರಪುರಕ್ಕೆ ನಡೆದು ಹೋಗಿ ಬರುವವನು, ಕೊರಳಲ್ಲಿ ತುಳಸಿಮಾಲೆ. ಮಾಲೆ ಹಾಕಿದವನು ಶೆರೆ ಮುಟ್ಟಬಾರದು, ಮಾಂಸ ಮುಟ್ಟಬಾರದು. ಮುಟ್ಟಿದರೆ ಮಾಲೆ ತೆಗೆದು ದೇವರ ಮುಂದೆ ಇಟ್ಟುಬಿಡಬೇಕು. ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಲಾರಿ ಡ್ರೈವರುಗಳಲ್ಲಿ ಮಾಲಕರಿ ಸಿಗುವುದು ಅಪರೂಪವಾದ್ದರಿಂದ ಅಪ್ಪನನ್ನು ರಸ್ತೆಯುದ್ದಕ್ಕೂ ಮಾಲಿ ಡ್ರೈವರ್ ಎಂದೇ ಕರೆಯುತ್ತಿದ್ದರು.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ, ಒಂದು ದಿನ ಬೆಳಿಗ್ಗೆ ಅಕ್ಕಿ ಹೇರಿಕೊಂಡು ಹೋದ ಲಾರಿಗೆ ಜಹೀರಾಬಾದ್ ಹತ್ತಿರದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಎದುರಿಗೆ ಎತ್ತಿನ ಗಾಡಿ. ಅಪ್ಪ ರಸ್ತೆ ಬಿಟ್ಟು ಹೊಲಕ್ಕೆ ತಿರುಗಿಸಿದ. ಲಾರಿ ಮಗ್ಗುಲಾಗಿ ಬಿತ್ತು. ಯಾರೂ ಸಾಯಲಿಲ್ಲ, ಎತ್ತುಗಳೂ ಉಳಿದವು. ಅಪ್ಪನ ಎಡಗೈ ಮುರಿಯಿತು, ಅಕ್ಕಿಯೆಲ್ಲ ಮಣ್ಣುಪಾಲಾಯಿತು.

ಮುಂದಿನ ಏಕಾದಶಿಗೆ ನಮ್ಮವರೆಲ್ಲ ಭಜನೆಗೆ ಸೇರಿದ್ದರು. ಅಪ್ಪ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದ, ನಾನು ಪಕ್ಕದಲ್ಲಿ ಕೂತಿದ್ದೆ. ಸಾವಕಾರ ಎದ್ದು ನಿಂತು ಎಲ್ಲರ ಮುಂದೆ ಹೇಳಿದ: "ಬ್ರೇಕ್ ಬರಾಬರ್ ಇದ್ವು. ಕೊರಳಾಗ ಮಾಲಿ ಹಾಕ್ಕೊಂಡು, ಹೊಟ್ಟ್ಯಾಗ ಶೆರೆ ಹಾಕ್ಕೊಂಡು ಗಾಡಿ ಹೊಡದಾನ ಇವ. ಇಂಥವಗ ನಾ ಏನ್ ಅನ್ಲಿ?" ತಾಳ ಹಿಡಿದವರ ಕೈ ನಿಂತಿತು. ಅಪ್ಪ ಒಂದು ಮಾತೂ ಆಡಲಿಲ್ಲ. ಹದಿನಾಲ್ಕು ವರ್ಷ ಅನ್ನ ಹಾಕಿದವರಿಗೆ ಎದುರು ಮಾತಾಡಬಾರದಂತೆ. ಥೂ!

ಮನೆಗೆ ಬಂದು ಅಪ್ಪ ಒಂದು ಕೆಲಸ ಮಾಡಿದ. ಸ್ನಾನ ಮಾಡಿ, ಕೊರಳ ಮಾಲೆ ತೆಗೆದು ದೇವರ ಜಗಲಿಯ ಮೇಲೆ ಇಟ್ಟ. ಅವ್ವ ಗಾಬರಿಯಾಗಿ, "ಯಾಕ ತಗದ್ರಿ? ನೀವೇನ್ ಕುಡದೀರೇನು?" ಎಂದು ಕೇಳಿದಳು. "ಜನ ನನಗ ನಗೂದಿಲ್ಲ, ಮಾಲಿಗೆ ನಗ್ತಾರ. ನನ್ನ ಸಲುವಾಗಿ ಅದರ ಮರ್ಯಾದಿ ಯಾಕ ಹೋಗಬೇಕು?" ಎಂದ ಅಪ್ಪ. ಎಂಥ ದಡ್ಡತನ! ಮರುದಿನ ಬರಿಗೊರಳಿನ ಅಪ್ಪನನ್ನು ಕಂಡವರು ಏನಂದುಕೊಳ್ಳಬೇಕೋ ಅದನ್ನೇ ಅಂದುಕೊಂಡರು. "ನೋಡ್ರಿ, ಮಾಲಿ ತಗದಾನ. ಅಂದ್ರ ಕುಡದಿದ್ದು ಖರೇನ ಐತಿ." ಸಾವಕಾರನ ಮಾತು ಎರಡು ದಿನಕ್ಕೆ ಸಾಯುತ್ತಿತ್ತು, ಅಪ್ಪ ತನ್ನ ಕೈಯಾರೆ ಅದಕ್ಕೆ ಸಾಕ್ಷಿ ಒದಗಿಸಿದ. ಆಮೇಲೆ ಯಾರೂ ಅವನ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಒಂದು ಶಾಲೆಯ ಗೇಟಿನಲ್ಲಿ ಕಾವಲು ಕೂತು ಹದಿನೆಂಟು ವರ್ಷ ಕಳೆದು ತೀರಿಕೊಂಡ. ಅಕ್ಕನಿಗೆ ಬಂದ ಎರಡು ಸಂಬಂಧ, ಹುಡುಗಿಯ ಅಪ್ಪ ಕುಡೀತಾನಂತೆ ಎಂದು ಬಾಗಿಲಿಗೆ ಬಂದು ವಾಪಸ್ ಹೋದವು. ತಾಳಿದವನು ಬಾಳಿಯಾನು ಎಂದು ಅಪ್ಪ ಹೇಳುತ್ತಿದ್ದ. ತಾಳಿದ್ದು ಅವನು, ಬಾಳಿದ್ದು ಸಾವಕಾರ.

ಲಾರಿಯನ್ನು ಎತ್ತಿಸಿ ತಂದ ಸಾವಕಾರ ಅದನ್ನು ರಿಪೇರಿಗೂ ಕೊಡಲಿಲ್ಲ, ಗುಜರಿಗೂ ಹಾಕಲಿಲ್ಲ. ಗೋದಾಮಿನ ಹಿಂದೆ ನಿಲ್ಲಿಸಿ ತಗಡು ಮುಚ್ಚಿಸಿದ. ಬ್ರೇಕ್ ಬಿಚ್ಚಿದವನ ಕಣ್ಣಿಗೆ ಏನೋ ಬೀಳುತ್ತದೆ ಎಂಬ ಅಂಜಿಕೆ ಅವನಿಗೆ ಎಂದು ನಾನು ಆ ವಯಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಮೂವತ್ತೆಂಟು ವರ್ಷ ಅದು ಅಲ್ಲಿಯೇ ನಿಂತಿತ್ತು. ಅವನ ಮಗ ಗೋದಾಮು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸಲು ಹೊರಟಾಗ, ಲಾರಿ ಗುಜರಿಗೆ ಹೋಗುತ್ತದೆ ಎಂಬ ಸುದ್ದಿ ಬಂತು. ನಾನು ಗುಜರಿಯವನನ್ನು ಮುಂದೆ ಬಿಟ್ಟು, ಅವನ ಹೆಸರಿನಲ್ಲಿ ಅದನ್ನು ಕೊಂಡೆ. ನಾನು ಯಾರು ಎಂದು ಆ ಮನೆಯವರಿಗೆ ತಿಳಿಯಲಿಲ್ಲ.

ಲಾರಿಯ ಸ್ಥಿತಿ ಏನು ಹೇಳಲಿ! ಕ್ಯಾಬಿನ್ನಿನ ಮರ ಗೆದ್ದಲು ತಿಂದಿತ್ತು, ಸೀಟಿನೊಳಗೆ ಇಲಿಗಳ ಸಂಸಾರ, ಬಾನೆಟ್ಟಿನ ಮೇಲೆ ಕೈಯಿಟ್ಟರೆ ತುಕ್ಕು ಉದುರುತ್ತಿತ್ತು. ಉಪ್ಪಲ್ ಆಚೆ ಒಂದು ಶೆಡ್ ಬಾಡಿಗೆಗೆ ಹಿಡಿದು ಎಳೆಸಿ ತಂದೆ. ನನ್ನ ಹೆಂಡತಿ ಒಮ್ಮೆ ಬಂದು ಸುತ್ತಲೂ ತಿರುಗಿ ನೋಡಿ, "ಮನ್ಯಾಗಿನ ನಳ ಎರಡು ತಿಂಗಳಿಂದ ಸೋರಾಕತ್ತೈತಿ. ಅದನ್ನ ನೋಡೂದು ಬಿಟ್ಟು ಈ ಹೆಣಾ ತಂದೀರಿ?" ಎಂದಳು. ನಳ ಈಗಲೂ ಸೋರುತ್ತಿದೆ.

ಹಳೆಯ ಎಂಜಿನ್‌ಗಳ ಮೇಲೆ ಕೈ ಪಳಗಿದ ಒಬ್ಬ ಉಸ್ತಾದರು ಸಿಕ್ಕರು. ಎಪ್ಪತ್ತು ದಾಟಿದ ಮುದುಕರು, ಮಾತು ಕಡಿಮೆ, ಬೈಗುಳ ಹೆಚ್ಚು. ನನಗೆ ಮೊದಲು ಬ್ರೇಕ್ ಬಿಚ್ಚಬೇಕಿತ್ತು. ಅವರು ಮುಟ್ಟಗೊಡಲಿಲ್ಲ. "ಪೆಹಲೇ ದಿಲ್, ಬಾದ್ ಮೇ ಪಾಂವ್," ಎಂದರು. ಮೊದಲು ಎದೆ ಬಡಿಯಲಿ, ಕಾಲಿನ ಮಾತು ಆಮೇಲೆ. ಹಾಗಾಗಿ ಎಂಜಿನ್ನಿಗೇ ಎರಡು ವರ್ಷ ಹೋಯಿತು. ಪಿಸ್ಟನ್ ಒಂದು ಕಡೆ ಸಿಕ್ಕರೆ ಅದರ ಉಂಗುರ ಇನ್ನೊಂದು ಊರಿನಲ್ಲಿ. ಕ್ಯಾಬಿನ್ನನ್ನು ಸಾಗವಾನಿಯಲ್ಲಿ ಹೊಸದಾಗಿ ಕಟ್ಟಿಸಿದೆ. ನನ್ನ ಭುಜ ನೋಯುವುದರಿಂದ ಸ್ಟೇರಿಂಗಿಗೆ ಪವರ್ ಕೂಡಿಸಿದೆವು. ಹಳೇ ಗಾಡಿ ಸಾಕುವ ಶ್ರೀಮಂತರಿಬ್ಬರು ನೋಡಲು ಬಂದವರು, "ಛೇ, ಒರಿಜಿನಲ್ ಕೆಡಸಾಕತ್ತೀರಲ್ರಿ" ಎಂದು ಮುಖ ಕಿವುಚಿದರು. "ಇದರ ಒರಿಜಿನಲ್ ಏನಂತ ನಮ್ಮ ಮನ್ಯಾಗ ಕೇಳ್ರಿ" ಎಂದೆ. ಅವರು ಚಹಾ ಕುಡಿಯದೆ ಹೋದರು.

ಈ ನಡುವೆ ನನಗಿದ್ದ ದೊಡ್ಡ ಚಿಂತೆ ಸಾವಕಾರನ ಆರೋಗ್ಯ. ತೊಂಬತ್ತರ ಹತ್ತಿರ ಬಂದಿದ್ದ ಅವನು. ಬೇಗಂಪೇಟೆಯಲ್ಲಿ ಮಗನ ಮನೆಯಲ್ಲಿದ್ದ. ನಮ್ಮವರ ಮದುವೆ ಮುಂಜಿಗಳಲ್ಲಿ ಸಿಕ್ಕವರನ್ನೆಲ್ಲ "ಸಾವಕಾರ್ರು ಹೆಂಗದಾರ್ರಿ?" ಎಂದು ಕೇಳುತ್ತಿದ್ದೆ. ಹೆತ್ತ ತಾಯಿಯ ಬಿಪಿಯನ್ನೂ ನಾನು ಅಷ್ಟು ಸಲ ವಿಚಾರಿಸಿರಲಿಲ್ಲ. ಒಂದು ಸಲ ಆಸ್ಪತ್ರೆ ಸೇರಿದ್ದಾನೆ ಎಂದು ಕೇಳಿ ಎರಡು ದಿನ ಅನ್ನ ಸೇರಲಿಲ್ಲ. ಅವನು ಗುಣವಾಗಲಿ ಎಂದು ಶನಿವಾರ ಉಪವಾಸ ಮಾಡಿದೆ. ಸತ್ಯವಾಗಿಯೂ ಮಾಡಿದೆ. ಅವನು ತನ್ನ ಪಾಡಿಗೆ ತಾನು ಸುಖವಾಗಿ ಸತ್ತುಹೋದರೆ ನನ್ನ ಗತಿ ಏನು?

ಮೂರನೆಯ ವರ್ಷ ಬ್ರೇಕ್ ಬಿಚ್ಚಿದೆವು. ಪೆಡಲ್ ತುಳಿದರೆ ಎಣ್ಣೆ ಉಕ್ಕಿನ ಕೊಳವೆಗಳಲ್ಲಿ ಹರಿದು ಪ್ರತಿ ಚಕ್ರಕ್ಕೂ ಮುಟ್ಟಬೇಕು. ಉಸ್ತಾದರು ಲಾರಿಯ ಕೆಳಗೆ ಮಲಗಿ ಬ್ಯಾಟರಿ ಹಿಡಿದು ನೋಡಿದರು. ಹಿಂದಿನ ಎರಡೂ ಚಕ್ರಕ್ಕೆ ಹೋಗುವ ಕೊಳವೆ ಒಂದು ಕಡೆ ಚಪ್ಪಟೆಯಾಗಿತ್ತು. ಬಡಿದು ಮುಚ್ಚಿದ್ದು. ಅಂದರೆ ಹಿಂದಿನ ಚಕ್ರಗಳಿಗೆ ಬ್ರೇಕೇ ಇರಲಿಲ್ಲ. ನಾನು ಕುಣಿದಾಡುವಷ್ಟರಲ್ಲಿ ಉಸ್ತಾದರು ತಣ್ಣಗೆ, "ಇದು ಡ್ರೈವರ್ ಕೆಲಸ," ಎಂದರು. ಆ ಕಾಲದಲ್ಲಿ ದಾರಿಯಲ್ಲಿ ಕೊಳವೆ ಸೋರಿದರೆ ಡ್ರೈವರುಗಳು ಕಲ್ಲಿನಿಂದ ಬಡಿದು ಮುಚ್ಚಿ, ಉಳಿದ ಚಕ್ರದ ಮೇಲೆ ಗಾಡಿ ಓಡಿಸಿಕೊಂಡು ಬರುತ್ತಿದ್ದರಂತೆ. ತಾವೂ ಮಾಡಿದ್ದಾರಂತೆ.

ನನಗೆ ಎಲ್ಲಿತ್ತೋ ಸಿಟ್ಟು. ಕೈಯಲ್ಲಿದ್ದ ಸ್ಪ್ಯಾನರ್ ಎತ್ತಿ ಗೋಡೆಗೆ ಎಸೆದೆ. "ನಮ್ಮಪ್ಪನ ಮ್ಯಾಲೆ ಹೇಳಾಕ ನಿಮ್ಮನ್ನ ಕರದೀನೇನು?" ಎಂದು ಕೂಗಾಡಿ ಮನೆಗೆ ಬಂದೆ. ಮೂರು ಭಾನುವಾರ ಶೆಡ್ಡಿನ ಕಡೆ ಹಾಯಲಿಲ್ಲ. ನಾಲ್ಕನೆಯ ಭಾನುವಾರ ಉಸ್ತಾದರೇ ಫೋನ್ ಮಾಡಿದರು. ಹೋದಾಗ ಆ ಕೊಳವೆಯ ತುಂಡನ್ನು ಕತ್ತರಿಸಿ, ತಂತಿಯ ಬ್ರಷ್ಷಿನಿಂದ ತಿಕ್ಕಿ, ಬಟ್ಟೆಯ ಮೇಲೆ ಇಟ್ಟಿದ್ದರು. ಬಡಿದ ಜಾಗದಲ್ಲಿ ಹಳದಿ ಹೊಳೆಯುತ್ತಿತ್ತು. ಹಿತ್ತಾಳೆ ಬೆಸುಗೆ. "ಯೇ ರಸ್ತೇ ಕಾ ಕಾಮ್ ನೈ ಮಿಯಾಂ, ಗ್ಯಾರೇಜ್ ಕಾ ಕಾಮ್ ಹೈ," ಎಂದರು. ಇದು ರಸ್ತೆಯ ಕೆಲಸವಲ್ಲ, ಗ್ಯಾರೇಜಿನದು; ರಸ್ತೆ ಬದಿಯಲ್ಲಿ ಕಲ್ಲು ಸಿಗುತ್ತದೆ, ಬೆಸುಗೆ ಹಾಕುವ ಗ್ಯಾಸ್ ಬತ್ತಿ ಸಿಗುವುದಿಲ್ಲ. ಯಾರೋ ಲಾರಿಯನ್ನು ಗ್ಯಾರೇಜಿಗೆ ತರಿಸಿ, ಹೊಸ ಕೊಳವೆ ಹಾಕಿಸುವ ಬದಲು ಇದ್ದದ್ದನ್ನು ಗಟ್ಟಿಯಾಗಿ ಮುಚ್ಚಿಸಿದ್ದರು. ಸಾವಕಾರನ ಗೋದಾಮಿನ ಬೆನ್ನಿಗೇ ಒಂದು ಗ್ಯಾರೇಜ್ ಇತ್ತು. ನಾನು ಉಸ್ತಾದರ ಕಾಲು ಮುಟ್ಟಿದೆ. ಅವರು "ಹಟ್!" ಎಂದು ಬೈದರು.

ಒಂದು ವಿಷಯ ಮಾತ್ರ ಆಗಲೂ ನನ್ನನ್ನು ಚುಚ್ಚಿತು. ಹಿಂದಿನ ಬ್ರೇಕ್ ಇಲ್ಲದ್ದು ಯಾವ ಡ್ರೈವರಿಗಾದರೂ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಅಪ್ಪನಿಗೂ ಗೊತ್ತಾಗಿರಬೇಕು. ಗೊತ್ತಿದ್ದೂ ಓಡಿಸಿದನೇ? ಆ ಪ್ರಶ್ನೆಯನ್ನು ನಾನು ಬದಿಗೆ ಸರಿಸಿದೆ. ನನಗೆ ಬೇಕಾದದ್ದು ಸಾವಕಾರನ ಕೊರಳಪಟ್ಟಿ.

ಮುಂದೆ ಎರಡು ವರ್ಷ ಲಾರಿಗೆ ಈಗಿನ ಕಾಲದ ಏರ್ ಬ್ರೇಕ್ ಕೂಡಿಸಿ, ಕಾಗದಪತ್ರ ಸರಿಮಾಡಿಸಿ, ಅಪ್ಪನ ಕಾಲದ ಹಸಿರು ಬಣ್ಣವನ್ನೇ ಬಳಿಸಿ ನಿಲ್ಲಿಸಿದೆ. ಖಾಲಿ ಲಾರಿಯನ್ನು ಇಳಿಜಾರುಗಳಲ್ಲಿ ಇಳಿಸಿ ಇಳಿಸಿ ಅಭ್ಯಾಸ ಮಾಡಿದೆ. ಎರಡನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಅದನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಮುಟ್ಟಬೇಕಿಲ್ಲ. ಸದ್ದು ಮಾತ್ರ ಭಯಂಕರ, ಎದೆ ಒಡೆಯುವ ಹಾಗೆ.

ಒಂದು ಭಾನುವಾರ ಬೆಳಿಗ್ಗೆ, ಊರು ಇನ್ನೂ ಹಾಲಿನ ಪಾಕೀಟು ಒಡೆಯುವ ಹೊತ್ತಿಗೆ, ಬೇಗಂಪೇಟೆಯ ಆ ಗಲ್ಲಿಗೆ ಲಾರಿ ನುಗ್ಗಿಸಿ ಸಾವಕಾರನ ಗೇಟಿನ ಮುಂದೆ ಹಾರ್ನ್ ಒತ್ತಿದೆ. ಅವನು ವರಾಂಡದ ಕುರ್ಚಿಯಲ್ಲಿ ಕೂತಿದ್ದ. ಲಾರಿ ನೋಡಿ ಕೋಲೂರಿಕೊಂಡು ಬಂದೇ ಬಂದ. "ಅಯ್ಯಯ್ಯೋ, ನನ್ನ ಗಾಡಿ! ಇದು ನನ್ನ ಗಾಡಿ!" ಬಾನೆಟ್ಟಿನ ಮೇಲೆ ಕೈಯಾಡಿಸಿದ. ಕಣ್ಣಲ್ಲಿ ನೀರು. "ಯಾರಪ್ಪಾ ನೀ? ಭಾಳ ಪುಣ್ಯೇದ ಕೆಲಸ ಮಾಡೀದಿ," ಎಂದು ನನ್ನ ಬೆನ್ನು ತಟ್ಟಿದ. ಆ ಕೈ ಬೆನ್ನಿಗೆ ತಾಗಿದಾಗ ಮೈಯೆಲ್ಲ ಉರಿದುಹೋಯಿತು. ನಾನು ಹಲ್ಲು ಕಿರಿದು, "ಹತ್ರಿ ಸಾವಕಾರ್ರ, ಒಂದು ಸುತ್ತು ಹೋಗಿ ಬರೂಣು," ಎಂದೆ. ಮಗ ಬೇಡವೆಂದ. ಮುದುಕ ಕೇಳಬೇಕಲ್ಲ. ಮಗನೂ ವಾಚ್‌ಮನ್ನನೂ ಸೇರಿ ಅವನನ್ನು ಎತ್ತಿ ಕ್ಯಾಬಿನ್ನಿನಲ್ಲಿ ಕೂಡಿಸಿದರು.

ಮೇಲ್ಸೇತುವೆ ಹತ್ತುವತನಕ ಅವನು ಚಿಕ್ಕ ಹುಡುಗನ ಹಾಗೆ ಮಾತಾಡಿದ. ತುದಿ ತಲುಪಿದಾಗ ನಾನು ಎರಡನೇ ಗೇರಿಗೆ ಹಾಕಿ, ಡ್ಯಾಶ್‌ಬೋರ್ಡಿನಿಂದ ಆ ಕೊಳವೆಯ ತುಂಡು ತೆಗೆದು ಅವನ ತೊಡೆಯ ಮೇಲೆ ಇಟ್ಟೆ.

"ಇದೇನಪ್ಪಾ?"

"ನಿಮ್ಮ ಗಾಡಿ ಬ್ರೇಕಿನ ಪೈಪ್ ರೀ. ಹಿತ್ತಾಳಿ ಹಚ್ಚಿ ಮುಚ್ಚಿಸಿದ್ದು. ನಾ ಮಾಲಿ ಡ್ರೈವರ್‌ನ ಮಗ."

ಅವನ ಮುಖ ನೋಡಬೇಕಿತ್ತು. ಮರೆತಿದ್ದಾನೆ ಎಂದು ಹೆದರಿದ್ದೆ. ಇಲ್ಲ, ಒಂದೂ ಮರೆತಿರಲಿಲ್ಲ. ಅಷ್ಟರಲ್ಲಿ ಲಾರಿ ಇಳಿಯತೊಡಗಿತು. ಎಂಜಿನ್ ಅರಚಿತು, ಕ್ಯಾಬಿನ್ ನಡುಗಿತು. ನಾನು ಎರಡೂ ಕಾಲು ಪೆಡಲಿನಿಂದ ಹಿಂದಕ್ಕೆ ತೆಗೆದು ಅವನಿಗೆ ಕಾಣುವ ಹಾಗೆ ಇಟ್ಟೆ.

"ಬ್ರೇಕ್ ಹಾಕೋ! ಬ್ರೇಕ್ ಹಾಕಪ್ಪಾ!"

"ಬ್ರೇಕ್ ಬರಾಬರ್ ಅದಾವ್ರಿ," ಎಂದೆ. "ಅವತ್ತು ನಮ್ಮಪ್ಪ ಕುಡದಿದ್ನೇನು? ಹೇಳ್ರಿ!"

"ಇಲ್ಲೋ ಯಪ್ಪಾ! ಕುಡದಿದ್ದಿಲ್ಲ, ಕುಡದಿದ್ದಿಲ್ಲ! ಇದೊಂದು ಖೇಪ ಆಗ್ಲಿ, ಬಂದ ಮ್ಯಾಲೆ ಹೊಸಾ ಪೈಪ್ ಹಾಕಸ್ತೀನಿ ಅಂದಿದ್ದೆ. ನಿಮ್ಮಪ್ಪನೂ ಹೂಂ ಅಂದ! ಅಂವಗೂ ಗೊತ್ತಿತ್ತು! ಬ್ರೇಕ್ ಹಾಕೋ!"

ಹಾಕಿದೆ. ಲಾರಿ ಹೇಳಿದಲ್ಲಿ ನಿಂತಿತು. ಸಾವಕಾರ ಎರಡೂ ಕೈಯಿಂದ ನನ್ನ ತೋಳು ಹಿಡಿದಿದ್ದ. ಧೋತರ ಒದ್ದೆಯಾಗಿತ್ತು. ಎಂಬತ್ತೆಂಟು ವರ್ಷದ ಜೀವಕ್ಕೆ ಹೀಗೆ ಮಾಡಬಾರದು, ಎದೆ ನಿಂತುಹೋಗಿದ್ದರೆ ನಾನು ಕೊಲೆಗಾರ. ಅದೆಲ್ಲ ಗೊತ್ತು. ಆದರೆ ಆ ಗಳಿಗೆಯಲ್ಲಿ ನನಗೆ ಆದದ್ದು ಸಂತೋಷ, ಬರೇ ಸಂತೋಷ. ಮಾಡಿದ್ದುಣ್ಣೋ ಮಹಾರಾಯ! "ಈಗ ಹೇಳಿದ್ದನ್ನ ನಿಮ್ಮ ಮನಿ ಮುಂದ, ನಾಲ್ಕು ಮಂದಿ ಕೇಳೂಹಂಗ ಹೇಳ್ರಿ. ಅಷ್ಟ ಸಾಕು," ಎಂದೆ. ಅವನು ತಲೆಯಾಡಿಸಿದ. ನಾನು ಲಾರಿ ತಿರುಗಿಸಿದೆ.

ಗೇಟಿನ ಮುಂದೆ ಮಗ, ಸೊಸೆ, ವಾಚ್‌ಮನ್, ಲಾರಿ ನೋಡಲು ಬಂದ ಅಕ್ಕಪಕ್ಕದವರು ಹತ್ತು ಮಂದಿ. ಮುದುಕನನ್ನು ಇಳಿಸಿಕೊಂಡರು. ಅವನು ಕೋಲೂರಿ ನೆಟ್ಟಗೆ ನಿಂತು, ಉಸಿರು ಎಳೆದುಕೊಂಡು, ನನ್ನ ಕಡೆ ಬೆರಳು ಮಾಡಿದ.

"ಕುಡದಾನ ಇವ! ಕುಡದು ಗಾಡಿ ಹೊಡದ, ನನ್ನ ಕೊಲ್ಲತಿದ್ದ!"

ಮಗ ನನ್ನ ಕಾಲರ್ ಹಿಡಿದ, ಸೊಸೆ ಪೊಲೀಸರಿಗೆ ಫೋನ್ ಮಾಡಿದಳು. ಹತ್ತು ನಿಮಿಷದಲ್ಲಿ ಗಸ್ತಿನ ಗಾಡಿ ಬಂತು. ಕಾನ್‌ಸ್ಟೇಬಲ್ ಕುಡಿತ ಅಳೆಯುವ ಯಂತ್ರ ನನ್ನ ಬಾಯಿಗೆ ಹಿಡಿದು ತೆಲುಗಿನಲ್ಲಿ "ಊದಂಡಿ" ಎಂದ. ಊದಿದೆ. ಯಂತ್ರ ನೋಡಿದ, ಮಗನಿಗೆ ತೋರಿಸಿದ. "ಸುನ್ನಾ ಸಾರ್. ಏಮೀ ಲೇದು." ಸೊನ್ನೆ, ಏನೂ ಇಲ್ಲ. ಸಾವಕಾರ, "ಮತ್ತೊಮ್ಮೆ ಊದಸ್ರಿ, ಅದು ಕೆಟ್ಟೈತಿ" ಎಂದು ಚೀರಿದ. ಮತ್ತೆ ಊದಿದೆ, ಮತ್ತೆ ಸೊನ್ನೆ. ಮೂರನೆಯ ಸಲ ನಾನೇ ಕೇಳಿ ಊದಿದೆ. ಈಗ ಅಕ್ಕಪಕ್ಕದವರು ನನ್ನನ್ನು ಬಿಟ್ಟು ಸಾವಕಾರನನ್ನು ನೋಡುತ್ತಿದ್ದರು.

"ಸಾವಕಾರ್ರ," ಎಂದೆ ಗಟ್ಟಿಯಾಗಿ, "ಅವತ್ತು ಈ ಮಷೀನ್ ಇದ್ದಿದ್ದಿಲ್ಲ. ಅದಕ್ಕ ನಿಮ್ಮ ಮಾತು ನಡೀತು."

ಅವನು ಮುಖ ತಿರುಗಿಸಿದ. ಮಗ ನನ್ನ ಕಾಲರ್ ಬಿಟ್ಟು, "ಅಪ್ಪಾ, ಒಳಗ ನಡೀರಿ," ಎಂದು ಅವನ ರಟ್ಟೆ ಹಿಡಿದು ಕರೆದುಕೊಂಡು ಹೋದ. ಭಾರಿ ಗಾಡಿಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಊರೊಳಗೆ ತಂದದ್ದಕ್ಕೆ ಕಾನ್‌ಸ್ಟೇಬಲ್ ದಂಡ ಬರೆದ. ಯಂತ್ರದಿಂದ ಬಂದ ಸೊನ್ನೆಯ ಚೀಟಿಯನ್ನೂ ಕೊಡಿ ಎಂದು ಕೇಳಿದಾಗ ಅವನಿಗೆ ಆಶ್ಚರ್ಯ.

ಮಧ್ಯಾಹ್ನ ಅವ್ವ ಊಟಕ್ಕೆ ಕೂತಿದ್ದಳು. ಎದುರಿಗೆ ಕೂತು ಚೀಟಿ ಕೊಟ್ಟೆ, ಯಂತ್ರದ ಕತೆ ಹೇಳಿದೆ. ಚಷ್ಮಾ ಹಾಕಿಕೊಂಡು ಚೀಟಿಯನ್ನು ಬಹಳ ಹೊತ್ತು ನೋಡಿದಳು.

"ಇದನ್ನ ಊದಿದಾವ ಯಾರು?"

"ನಾನ, ಅವ್ವ."

"ಮತ್ತ ಇದು ನಿಂದಾತು. ನಿಮ್ಮಪ್ಪಾರದಲ್ಲ."

ಐದು ವರ್ಷದ ಭಾನುವಾರಗಳೆಲ್ಲ ಆ ಒಂದು ಮಾತಿಗೆ ಮಗುಚಿಬಿದ್ದವು. "ಗಾಡಿಯಾಗ ಒಪ್ಪಿಕೊಂಡಾನ ಅವ್ವ. ಅಪ್ಪ ಕುಡದಿದ್ದಿಲ್ಲ ಅಂತ ಬಾಯಿಬಿಟ್ಟು ಹೇಳ್ಯಾನ. ಆದ್ರ ಕೇಳಿದಾವ ನಾ ಒಬ್ಬನ," ಎಂದೆ.

"ಅದನ್ನ ಅಂವ ಹೇಳಬೇಕೇನು ನನಗ?" ಅವ್ವ ಚೀಟಿಯನ್ನು ಮಡಚಿ ನನ್ನ ಕೈಗೆ ಕೊಟ್ಟಳು. ರೊಟ್ಟಿ ಮುರಿದಳು, ಪಲ್ಯಕ್ಕೆ ಹಚ್ಚಿದಳು, ಬಾಯಿಗೆ ಇಟ್ಟುಕೊಳ್ಳಲಿಲ್ಲ.

"ಅಂಜಿದ್ನೇನು ಅಂವ?"

"ಅಂಜಿದ."

"ಭಾಳ?"

"ಧೋತರದಾಗ ಒಂದಕ್ಕ ಮಾಡ್ಕೊಂಡ, ಅವ್ವ."

ಅವ್ವ ಎಡಗೈಯಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗಾಡತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡು ನಾನು ಎದ್ದೆ. ಅವಳು ನನ್ನ ಅಂಗಿ ಜಗ್ಗಿ ಕೂಡಿಸಿದಳು. ಅಳುತ್ತಿರಲಿಲ್ಲ.

"ಮೊದಲಿಂದ ಹೇಳು," ಎಂದಳು. "ಅಂವ ಗಾಡಿ ಹತ್ತಿದಾಗಿಂದ ಹೇಳು. ಏನೂ ಬಿಡಬ್ಯಾಡ."